ಮೇಷ್ಟ್ರ ಡಬ್ಬಿಯಲ್ಲಿ ಐದು ಜನ್ಮ

ಸಾಗರದ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರ ಮನೆಯಲ್ಲಿ ಯುಗಾದಿಗೆ ಮುಂಚೆ ಬಲೆ ಹೊಡೆಯುವಾಗ ಅಟ್ಟದಿಂದ ಒಂದು ಬಿಸ್ಕತ್ತಿನ ತಗಡು ಡಬ್ಬಿ ಕೆಳಗಿಳಿಯಿತು. ಸೊಸೆ ಮುಚ್ಚಳ ತೆಗೆದು ನೋಡಿದರೆ ಒಳಗೆ ಐದು ಮೊಬೈಲು. ಒಂದಕ್ಕೆ ಬೆನ್ನಿನ ಮುಚ್ಚಳವೇ ಇಲ್ಲ, ರಬ್ಬರ್ ಬ್ಯಾಂಡ್ ಸುತ್ತಿದೆ. ಒಂದರ ಗಾಜು ಜೇಡರ ಬಲೆಯಂತೆ ಸೀಳಿದೆ. ಇನ್ನೊಂದರ ಬ್ಯಾಟರಿ ಉಬ್ಬಿ ಪೂರಿಯಾಗಿದೆ.

‘ಮಾವ, ಇದನ್ನೆಲ್ಲ ಗುಜರಿಗೆ ಹಾಕ್ಲಾ?’

‘ಇರ್ಲಿ ಬಿಡಮ್ಮ. ಅವೇನು ಅನ್ನ ಕೇಳ್ತಾವಾ?’

ಕೊಡೆ ಮುರಿದರೆ, ಚಪ್ಪಲಿ ಸವೆದರೆ ಇದೇ ಮೇಷ್ಟ್ರು ಎರಡು ದಿನ ಇಟ್ಟುಕೊಳ್ಳುವವರಲ್ಲ. ಮೊಬೈಲಿನ ವಿಷಯಕ್ಕೆ ಮಾತ್ರ ಕೈ ಬರುವುದಿಲ್ಲ. ಡಬ್ಬಿಯಿಂದ ಒಂದೊಂದನ್ನೇ ಎತ್ತಿ, ‘ಇದು ನಾನು ತುಮರಿ ಸ್ಕೂಲಲ್ಲಿದ್ದಾಗಿಂದು, ಇದು ರಿಟೈರ್ ಆದ ವರ್ಷದ್ದು’ ಎಂದು ಹೇಳುತ್ತ ಕುಳಿತರು. ಕೇಳುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಆ ಮಾತಿನೊಳಗೆ ಒಂದು ‘ನಾನು’ ಸದ್ದಿಲ್ಲದೆ ಕೂತಿದೆ. ಮೊದಲ ಸೆಟ್ಟು ಹಿಡಿದ ‘ನಾನು’ ಮತ್ತು ಐದನೆಯದನ್ನು ಕೆಳಗಿಟ್ಟ ‘ನಾನು’ ಒಂದೇ ಎಂದು ಅದು ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಈ ನೆಲದ ದಾರ್ಶನಿಕರು ಸಾವಿರಕ್ಕೂ ಹೆಚ್ಚು ವರ್ಷ ಜಗಳವಾಡಿದ್ದು ಸರಿಯಾಗಿ ಈ ತೀರ್ಮಾನದ ಮೇಲೆಯೇ.

ಆ ಜಗಳಕ್ಕೆ ಮುಂಚೆ ಸೆಟ್ಟಿನ ಕಥೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಂ ಅವರಿಗೆ ಫೋನ್ ಮಾಡಿದರು. ದೇಶದ ಮೊದಲ ಮೊಬೈಲ್ ಕರೆ ಅದು. ಆಮೇಲೆ ಎಷ್ಟೋ ವರ್ಷ ಅದು ದೊಡ್ಡವರ ಸೊತ್ತಾಗಿಯೇ ಇತ್ತು. ತಾನು ಮಾಡಿದ ಕರೆಗಷ್ಟೇ ಅಲ್ಲ, ತನಗೆ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾದ ಮೇಲೆಯೇ ಮೇಷ್ಟ್ರಂಥವರು ಧೈರ್ಯ ಮಾಡಿದ್ದು. ಮರುವರ್ಷ ಅವರು ಕೊಂಡದ್ದು ನೋಕಿಯಾ 1100. ನೆತ್ತಿಯ ಮೇಲೆ ಟಾರ್ಚು, ಧೂಳು ಹೋಗದ ರಬ್ಬರ್ ಕೀಪ್ಯಾಡು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ಟು ಅದು. ಮಲೆನಾಡಿನಲ್ಲಿ ಮಳೆಗಾಲ ಹಿಡಿದರೆ ಕರೆಂಟು ಹೋಗುವುದು ಖಾತ್ರಿ, ಟವರ್ ಸಿಗುವುದು ಅನುಮಾನ. ಹಾಗಾಗಿ ಆ ಸೆಟ್ಟು ಫೋನ್ ಆಗಿ ದುಡಿದದ್ದಕ್ಕಿಂತ ದೀಪವಾಗಿ ದುಡಿದದ್ದೇ ಹೆಚ್ಚು. ಅಂಗಡಿಗೆ ಹೋಗಿ ‘ಐವತ್ತು ರೂಪಾಯಿ ಕರೆನ್ಸಿ ಹಾಕಿ’ ಎಂದರೆ ಅರ್ಧ ಗಂಟೆಯಲ್ಲಿ ಮೆಸೇಜು ಬರುತ್ತಿತ್ತು. ಬಸ್ಸು ಹತ್ತಿದರೆ ಒಂದು ಮಿಸ್ಡ್ ಕಾಲು, ಇಳಿದರೆ ಎರಡು. ಮಾತೇ ಇಲ್ಲದೆ ಸಂಸಾರ ನಡೆಯುತ್ತಿತ್ತು.

ಮೆಸೇಜಿನ ಲೆಕ್ಕವೇ ಬೇರೆ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಮೆಸೇಜಿಗೆ 160 ಅಕ್ಷರ ಹಿಡಿಯುತ್ತಿತ್ತು; ಕನ್ನಡ ಲಿಪಿಯಲ್ಲಾದರೆ 70ಕ್ಕೆ ಮುಗಿಯಿತು, ಅದೂ ಆ ಕಡೆಯ ಸೆಟ್ಟಿಗೆ ಕನ್ನಡ ಓದಲು ಬಂದರೆ. ಬರದಿದ್ದರೆ ಸಾಲುಸಾಲು ಚೌಕಗಳು. ಹಾಗಾಗಿ ಕನ್ನಡಿಗರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದನ್ನು ಕಲಿತರು. ಎರಡರ ಗುಂಡಿ ಎರಡು ಸಲ, ಮತ್ತೆ ಒಂದು ಸಲ, ಆರರ ಗುಂಡಿ ಎರಡು ಸಲ, ಇನ್ನೂ ಎರಡು ಸಲ, ನಾಲ್ಕರದು ಮೂರು ಸಲ: ‘ಬನ್ನಿ’. ಇನ್‌ಬಾಕ್ಸ್ ತುಂಬಿದರೆ ಲಕೋಟೆಯ ಚಿತ್ರ ಪಿಳಿಪಿಳಿ ಮಿನುಗುತ್ತಿತ್ತು. ಹಳೆಯದೊಂದನ್ನು ಅಳಿಸುವ ತನಕ ಹೊಸ ಮೆಸೇಜು ಹೊರಗೇ ಕಾಯಬೇಕು. ಯಾವುದನ್ನು ಮರೆಯಬೇಕು ಎಂದು ದಿನಾ ಕೂತು ಆರಿಸಬೇಕಾದ ಕಾಲ ಅದು. ಈಗಿನ ಸೆಟ್ಟುಗಳಲ್ಲಿ ಸಾವಿರಾರು ಗುಡ್ ಮಾರ್ನಿಂಗ್ ಗುಲಾಬಿಗಳು ಮೋಕ್ಷವಿಲ್ಲದೆ ಬಿದ್ದಿರುವುದನ್ನು ನೋಡಿದರೆ ಆ ಬಡತನವೇ ವಾಸಿಯೆನಿಸೀತು.

ಆ 1100 ಏಳು ವರ್ಷ ಬಾಳಿತು. ಬಾಳಿತು ಎಂದರೆ ಹೇಗೆ? ಬ್ಯಾಟರಿ ಮೂರು ಸಲ ಬದಲಾಯಿತು. ಕೀಪ್ಯಾಡು ಒಂದು ಸಲ. ಹೌಸಿಂಗ್ ಎಂದು ಕರೆಯುವ ಮೇಲಿನ ಚಿಪ್ಪು ಎರಡು ಸಲ. ನೀಲಿ ಹೋಗಿ ಕಪ್ಪು ಬಂತು, ಕಪ್ಪು ಹೋಗಿ ಬೂದಿ ಬಂತು. ಆದರೂ ಊರವರ ಬಾಯಲ್ಲಿ ಅದು ‘ಮೇಷ್ಟ್ರ ಅದೇ ಸೆಟ್ಟು’.

ಕ್ರಿಸ್ತಪೂರ್ವ ಎರಡನೇ ಶತಮಾನದ ಯವನ ದೊರೆ ಮಿಲಿಂದನಿಗೆ ಬೌದ್ಧ ಭಿಕ್ಷು ನಾಗಸೇನ ಕೇಳಿದ್ದು ಇದೇ ಪ್ರಶ್ನೆ. ದೊರೆ ರಥದಲ್ಲಿ ಬಂದಿದ್ದ. ರಥ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಒಂದೊಂದಕ್ಕೂ ದೊರೆ ಅಲ್ಲ ಅಲ್ಲ ಎನ್ನುತ್ತ ಹೋದ. ಇವೆಲ್ಲ ಬಿಟ್ಟು ಬೇರೆ ರಥವುಂಟೋ? ಅದೂ ಇಲ್ಲ. ಬಿಡಿ ಭಾಗಗಳು ಕೂಡಿದಾಗ ವ್ಯವಹಾರಕ್ಕೆಂದು ಇಟ್ಟುಕೊಂಡ ಒಂದು ಹೆಸರು ‘ರಥ’. ‘ನಾಗಸೇನ’ ಎಂಬುದೂ ಅಷ್ಟೇ ಎಂದ ಭಿಕ್ಷು. ‘ಮಿಲಿಂದ ಪನ್ಹ’ ಎಂಬ ಪಾಳಿ ಗ್ರಂಥದಲ್ಲಿ ಈ ಸಂವಾದವಿದೆ. ಓದುವಾಗ ತಲೆದೂಗದೆ ಇರಲಾಗುವುದಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ರಿಪೇರಿ ಅಂಗಡಿಯವನು ಮಾತ್ರ ನಾಗಸೇನನ ಕಡೆಯವನಲ್ಲ. ಅವನದು ಗಟ್ಟಿ ಆತ್ಮವಾದ. ‘ಬಾಡಿ ಎಷ್ಟು ಸಲನಾದ್ರೂ ಚೇಂಜ್ ಮಾಡಣ ಸಾರ್. ಬೋರ್ಡ್ ಹೋದ್ರೆ ಮಾತ್ರ ಸೆಟ್ ಹೋದಂಗೆ.’ ಅವನ ಮಾತಿಗೆ ಆಧಾರವೂ ಇದೆ. ಪ್ರತಿ ಸೆಟ್ಟಿಗೂ ಐಎಂಇಐ ಎಂಬ 15 ಅಂಕಿಯ ಗುರುತಿದ್ದು, ಅದು ಚಿಪ್ಪಿನಲ್ಲಿ ಇರುವುದಲ್ಲ, ಬೋರ್ಡಿನ ನೆನಪಿನಲ್ಲಿ ಬರೆದಿರುವಂಥದ್ದು. ನೆಟ್‌ವರ್ಕ್ ಗುರುತಿಸುವುದು ಅದನ್ನೇ. ಹಾಗಾದರೆ ಸೆಟ್ಟಿನ ಆತ್ಮ ಸಿಕ್ಕಿತಲ್ಲ ಎನ್ನುವಷ್ಟರಲ್ಲಿ ಮೇಷ್ಟ್ರ ಎರಡನೇ ಸೆಟ್ಟು ಅಡ್ಡ ಬರುತ್ತದೆ. ಅದು ಚೈನಾ ಸೆಟ್ಟು. ಎರಡು ಸಿಮ್ಮು, ರಥೋತ್ಸವಕ್ಕೆ ಕೇಳುವಂಥ ಸ್ಪೀಕರು, ಕಡಿಮೆ ರೇಟು. ಅಂಥ ಲಕ್ಷಾಂತರ ಸೆಟ್ಟುಗಳಿಗೆ ಐಎಂಇಐ ಇರಲೇ ಇಲ್ಲ, ಇದ್ದರೂ ಖೋಟಾ. ಭದ್ರತೆಯ ಕಾರಣ ಕೊಟ್ಟು ಸರ್ಕಾರ 2009ರ ಡಿಸೆಂಬರ್‌ನಿಂದ ಅಂಥವನ್ನು ನೆಟ್‌ವರ್ಕಿನಿಂದ ಹೊರಹಾಕಲು ಆದೇಶಿಸಿತು. ಆಗ ಊರೂರಿನಲ್ಲಿ ಜನ ಸಾಲುಗಟ್ಟಿ, ಕಾಸು ಕೊಟ್ಟು ಸೆಟ್ಟಿಗೆ ಅಸಲಿ ನಂಬರು ಹಾಕಿಸಿಕೊಂಡರು. ನಿರಾತ್ಮವಾದ ಸೆಟ್ಟಿಗೆ ಕೌಂಟರಿನ ಮೇಲೆ ಹತ್ತು ನಿಮಿಷದಲ್ಲಿ ಪ್ರಾಣಪ್ರತಿಷ್ಠೆ! ಹೊರಗಿನಿಂದ ತಂದು ಹಾಕಬಹುದಾದ ಆತ್ಮವನ್ನು ಯಾವ ದರ್ಶನವೂ ಆತ್ಮವೆಂದು ಒಪ್ಪಲಾರದು.

ಇನ್ನು ಉಳಿದದ್ದು ಫೋನ್ ನಂಬರು. ಸೆಟ್ಟು ಹೋದರೂ ನಂಬರು ಉಳಿಯುತ್ತದೆ. ಹಳೆ ಬಟ್ಟೆ ಕಳಚಿ ಹೊಸತು ಉಡುವಂತೆ ದೇಹಿಯು ದೇಹ ಬಿಟ್ಟು ದೇಹ ಹಿಡಿಯುತ್ತಾನೆ ಎಂಬ ಗೀತೆಯ ಎರಡನೇ ಅಧ್ಯಾಯದ ಹೋಲಿಕೆ ಇದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. 2011ರ ಜನವರಿ 20ರಂದು ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಜಾರಿಗೆ ಬಂದ ಮೇಲಂತೂ ಕಂಪನಿಯನ್ನು ಬಿಟ್ಟರೂ ನಂಬರು ಬಿಡಬೇಕಿಲ್ಲ ಎಂದಾಯಿತು. ಸೆಟ್ಟಿನ ಹಂಗಿಲ್ಲ, ಸಿಮ್ಮಿನ ಹಂಗಿಲ್ಲ, ಈಗ ಕಂಪನಿಯ ಹಂಗೂ ಇಲ್ಲ. ಹತ್ತು ಅಂಕಿಯ ನಿತ್ಯವಸ್ತು.

ಮೇಷ್ಟ್ರಿಗೆ ಈ ಸೌಲಭ್ಯ ಮೂರು ವರ್ಷ ತಡವಾಗಿ ಬಂತು. 2008ರಲ್ಲಿ ಅವರಿಗೆ ಶರಾವತಿ ಹಿನ್ನೀರಿನ ಆಚೆಗೆ ವರ್ಗವಾಯಿತು. ಮೊದಲ ಸಿಮ್ಮಿನ ಕಂಪನಿಯ ಟವರು ಅಲ್ಲಿ ಇರಲಿಲ್ಲ. ಅದೂ ಎಂಥ ಸಿಮ್ಮು, ಲೈಫ್‌ಟೈಮ್ ಸಿಮ್ಮು. 2006ರ ಹೊತ್ತಿಗೆ ಕಂಪನಿಗಳು 999 ರೂಪಾಯಿಗೆ ಜೀವಮಾನವಿಡೀ ಒಳಬರುವ ಕರೆ ಎಂದು ಮಾರಿದ ಯೋಜನೆ ಅದು. ಜೀವಮಾನ ಯಾರದು ಎಂಬ ಪ್ರಶ್ನೆ ಎದ್ದಾಗ, ಗಿರಾಕಿಯದಲ್ಲ, ಕಂಪನಿಯ ಲೈಸೆನ್ಸಿನದು ಎಂದು ಗೊತ್ತಾಯಿತು. ಜತೆಗೆ ಆರು ತಿಂಗಳಿಗೊಮ್ಮೆ ಇಷ್ಟು ಕರೆನ್ಸಿ ಹಾಕಿಸಿಯೇ ತೀರಬೇಕು. ಮೇಷ್ಟ್ರು ಹಾಕಿಸಲಿಲ್ಲ. ಬೇರೆ ಸಿಮ್ಮು ಕೊಂಡರು. ಹಳೆ ನಂಬರು ತಾನಾಗಿ ಕಣ್ಣು ಮುಚ್ಚಿತು.

ಆದರೆ ಸತ್ತ ನಂಬರು ಸತ್ತೇ ಇರುವುದಿಲ್ಲ. ನಂಬರುಗಳ ರಾಶಿಗೂ ಮಿತಿಯುಂಟು. ಬಿಟ್ಟ ನಂಬರನ್ನು ಕಂಪನಿಗಳು ಮತ್ತೊಬ್ಬರಿಗೆ ಕೊಡುತ್ತವೆ. ಕನಿಷ್ಠ 90 ದಿನ ಕಾಯಬೇಕೆಂಬ ನಿಯಮವನ್ನು ದೂರಸಂಪರ್ಕ ನಿಯಂತ್ರಕ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಹೇಳಿತ್ತು. ಮೂರು ತಿಂಗಳ ಅಂತರಾಳ, ಆಮೇಲೆ ಪುನರ್ಜನ್ಮ. ಗರುಡ ಪುರಾಣ ಓದಿದವರಿಗೆ ಈ ಏರ್ಪಾಟು ಹೊಸದೆನಿಸಲಾರದು.

ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಊಟವಾಗಿ ನಿದ್ದೆ ಬಾರದೆ, ಮೇಷ್ಟ್ರು ತಮ್ಮ ಹಳೆ ನಂಬರಿಗೇ ಡಯಲ್ ಮಾಡಿದರು. ಬೆರಳು ತಾನಾಗಿ ಓಡಿತು. ಆ ಕಡೆಯಿಂದ ಇಂಜಿನ್ನಿನ ಸದ್ದಿನ ನಡುವೆ ಒಂದು ಗಟ್ಟಿ ದನಿ. ರಾಣೆಬೆನ್ನೂರು ಕಡೆಯ ಲಾರಿ ಡ್ರೈವರು. ಯಾರೆಂದು ಕೇಳಿದ. ಇವರು ಅಳುಕುತ್ತ, ಈ ನಂಬರು ಹಿಂದೆ ತಮ್ಮದಾಗಿತ್ತು ಎಂದರು. ಒಂದು ಕ್ಷಣ ಇಂಜಿನ್ನಿನ ಸದ್ದಷ್ಟೇ.

‘ನೀವs ಏನ್ರಿ ಆ ಲೆಕ್ಕದ ಮಾಸ್ತರು? ಎಲ್ಲಿ ಹೋಗಿದ್ರಿ ಇಷ್ಟ್ ದಿನ! ನಿಮ್ಮ ಹುಡುಗೂರ ಫೋನು ಎತ್ತಿ ಎತ್ತಿ ಸಾಕಾಗೇತ್ರಿ. ಮೂರು ಲಗ್ನ ತಪ್ಪಿಸೀರಿ ನೀವು. ಆ ಡಿಎ ಅರಿಯರ್ಸ್ ಬಂತೇನ್ರಿ?’

ಮೇಷ್ಟ್ರಿಗೆ ಏನು ಹೇಳಲೂ ತೋಚಲಿಲ್ಲ. ತಮ್ಮನ್ನು ಕಂಡೇ ಇರದ ಒಬ್ಬ, ತಮ್ಮ ಶಿಷ್ಯರ ಹೆಸರು, ಪೆನ್ಷನ್ನಿನ ತಾಪತ್ರಯ, ನಿವೃತ್ತರ ಸಂಘದ ಸಭೆಯ ತಾರೀಕು ಎಲ್ಲವನ್ನೂ ಬಲ್ಲ. ಹಿಂದಿನ ಜನ್ಮದ ನೆಂಟರು ಬಂದು ಕದ ತಟ್ಟಿದರೆ ಹೊಸ ಜನ್ಮದವನು ಏನು ಮಾಡಬೇಕೋ ಅದನ್ನು ಅವನು ಮರ್ಯಾದೆಯಿಂದಲೇ ಮಾಡಿದ್ದ.

ಬೌದ್ಧರ ಕ್ಷಣಿಕವಾದದ ವಿರುದ್ಧ ನೈಯಾಯಿಕರು ಮತ್ತು ಇತರ ವೈದಿಕರು ಎತ್ತುತ್ತಿದ್ದ ಹಳೆಯ ಆಕ್ಷೇಪವೊಂದಿದೆ. ಎಲ್ಲವೂ ಕ್ಷಣಕ್ಷಣಕ್ಕೆ ಹೊಸದಾದರೆ, ಮಾಡಿದವನು ಒಬ್ಬ, ಫಲ ಉಣ್ಣುವವನು ಇನ್ನೊಬ್ಬ ಎಂದಾಯಿತು. ಮಾಡಿದ ಕರ್ಮ ದಂಡವಾಗುವುದು ಕೃತನಾಶ. ಮಾಡದ್ದರ ಫಲ ತಲೆಗೆ ಬರುವುದು ಅಕೃತಾಭ್ಯಾಗಮ. ಶಾಸ್ತ್ರದ ಈ ಎರಡು ಬಿರುಸು ಪದಗಳಿಗೆ ಇದಕ್ಕಿಂತ ಸರಳ ಉದಾಹರಣೆ ಸಿಗುವುದು ಕಷ್ಟ. ಮೂವತ್ತು ವರ್ಷ ಭಿನ್ನರಾಶಿ ಕಲಿಸಿದವರಿಗೆ ಲಗ್ನದ ಕರೆಯೋಲೆ ಬರಲಿಲ್ಲ, ಒಂದು ದಿನವೂ ಬಳಪ ಹಿಡಿಯದವನಿಗೆ ಬಂತು.

ಬೌದ್ಧರೇನು ಇದಕ್ಕೆ ಸುಮ್ಮನಾಗಿರಲಿಲ್ಲ. ಹತ್ತಿಬೀಜಕ್ಕೆ ಅರಗಿನ ರಸ ಹಚ್ಚಿ ಬಿತ್ತಿದರೆ ಮುಂದೆ ಬಿಡುವ ಹತ್ತಿ ಕೆಂಪಾಗಿರುತ್ತದೆ ಎಂಬುದು ಅವರ ದೃಷ್ಟಾಂತ. ಬೀಜ ಅಳಿದಿದೆ, ಆದರೂ ಬಣ್ಣ ಬಂದಿದೆ. ಹಾಗೆಯೇ ಸಂಸ್ಕಾರವು ಅದೇ ಸಂತಾನದಲ್ಲಿ, ಎಂದರೆ ಅದೇ ಪ್ರವಾಹದಲ್ಲಿ, ಹರಿಯುತ್ತದೆ. ಅದನ್ನು ಹೊತ್ತುಕೊಂಡು ಹೋಗಲು ಒಬ್ಬ ಆತ್ಮ ಬೇಕಾಗಿಲ್ಲ. ವಿಜಯನಗರದ ಕಾಲದ ಮಾಧವನ ‘ಸರ್ವದರ್ಶನ ಸಂಗ್ರಹ’ ಈ ದೃಷ್ಟಾಂತವನ್ನು ದಾಖಲಿಸಿದೆ. ಎದುರಾಳಿಯ ಮತವನ್ನು ಅವನ ಬಾಯಿಂದಲೇ ಹೇಳಿಸುವ ಸಭ್ಯತೆ ಆ ಪುಸ್ತಕಕ್ಕಿತ್ತು. ನಾಗಸೇನನೂ ಮಿಲಿಂದನಿಗೆ ಎರಡು ಹೋಲಿಕೆ ಕೊಟ್ಟಿದ್ದ. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪ ಎರಡನೆಯದಕ್ಕೆ ನಡೆದುಹೋಯಿತೇ? ಗುರು ಶಿಷ್ಯನಿಗೆ ಪದ್ಯ ಹೇಳಿಕೊಟ್ಟರೆ ಪದ್ಯ ಗುರುವನ್ನು ಬಿಟ್ಟು ಹೊರಟಿತೇ? ಮಗ್ಗಿ ಹೇಳಿಕೊಟ್ಟ ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಸೆಟ್ಟಿನಿಂದ ಐದನೆಯದಕ್ಕೆ ಅಂಗಡಿಯವನು ‘ಡೇಟಾ ಟ್ರಾನ್ಸ್‌ಫರ್’ ಮಾಡಿದಾಗ ಆದದ್ದೂ ಅದೇ. ಹೆಸರು ಟ್ರಾನ್ಸ್‌ಫರು, ಆದರೆ ಯಾವುದೂ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಅಲ್ಲಿ ಇರುವಂಥದ್ದೇ ಇಲ್ಲಿ ಹೊಸದಾಗಿ ಹುಟ್ಟುತ್ತದೆ.

ಅಷ್ಟಾದರೂ ನೈಯಾಯಿಕರ ಒಂದು ಮಾತು ಕಾಡುತ್ತದೆ. ಕಣ್ಣಿಂದ ಕಂಡದ್ದನ್ನೇ ಕೈಯಿಂದಲೂ ಮುಟ್ಟಿದೆ ಎಂದು ಹೇಳಬೇಕಾದರೆ ಕಂಡವನೂ ಮುಟ್ಟಿದವನೂ ಒಬ್ಬನೇ ಆಗಿರಬೇಕು ಎಂದು ನ್ಯಾಯಸೂತ್ರ ವಾದಿಸುತ್ತದೆ. ಚೈತ್ರ ಕಂಡದ್ದನ್ನು ಮೈತ್ರ ನೆನೆಯಲಾರ. ಆ ಯುಗಾದಿಯ ಹಿಂದಿನ ದಿನ ಮೇಷ್ಟ್ರು ಸತ್ತ 1100 ಅನ್ನು ಅಂಗೈಯಲ್ಲಿ ಇಟ್ಟುಕೊಂಡರು. ಪರದೆ ಕತ್ತಲು, ಕೀಪ್ಯಾಡಿನ ಅಂಕಿಗಳೆಲ್ಲ ಅಳಿಸಿಹೋಗಿವೆ. ಹೆಬ್ಬೆರಳು ಮಾತ್ರ ನೋಡದೆಯೇ ಎರಡರ ಮೇಲೆ ಮೂರು ಸಲ, ಆರರ ಮೇಲೆ ನಾಲ್ಕು ಸಲ, ನಾಲ್ಕರ ಮೇಲೆ ಮೂರು ಸಲ ಆಡಿತು. ‘ಬನ್ನಿ’. ಈಗಿನ ಟಚ್ ಸ್ಕ್ರೀನಿನಲ್ಲಿ ಅದೇ ಹೆಬ್ಬೆರಳು ದಿನಕ್ಕೆ ಹತ್ತು ಸಲ ತಪ್ಪು ಅಕ್ಷರ ಮುಟ್ಟುತ್ತದೆ. ನೈಯಾಯಿಕ ಇದನ್ನು ಆತ್ಮಕ್ಕೆ ಸಾಕ್ಷಿ ಎಂದಾನು. ಬೌದ್ಧ ನಕ್ಕು, ಕೆಂಪು ಹತ್ತಿ ಎಂದಾನು. ಬೌದ್ಧನ ವಾದ ಡೇಟಾಕ್ಕೆ ಚೆನ್ನಾಗಿ ಒಪ್ಪುತ್ತದೆ, ಡಬ್ಬಿಗೆ ಒಪ್ಪುವುದಿಲ್ಲ. ಪ್ರವಾಹವೆಲ್ಲ ಹೊಸ ಸೆಟ್ಟಿಗೆ ಹರಿದ ಮೇಲೂ ‘ಇರ್ಲಿ ಬಿಡಮ್ಮ’ ಎಂದು ಹಳೆಯದನ್ನು ಹಿಡಿದುಕೊಂಡವರ ಸಂಕಟಕ್ಕೆ ಅದರಲ್ಲಿ ‘ತೃಷ್ಣೆ’ ಎಂಬುದರ ಹೊರತು ಬೇರೆ ಹೆಸರಿಲ್ಲ.

ಜೈನರ ಬಳಿ ಇದೆ. ಇರುವುದೆಲ್ಲ ಹುಟ್ಟು, ಅಳಿವು, ಸ್ಥಿರತೆ ಮೂರನ್ನೂ ಏಕಕಾಲಕ್ಕೆ ಹೊತ್ತಿರುತ್ತದೆ ಎಂಬುದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಿಲುವು. ಶ್ರವಣಬೆಳಗೊಳದ ಶಾಸನಗಳು ಹೊಗಳುವ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಅದಕ್ಕೊಂದು ಚಿತ್ರ ಕೊಟ್ಟ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರು. ಕೊಡ ಬೇಕಾಗಿದ್ದವನಿಗೆ ದುಃಖ. ಕಿರೀಟ ಬೇಕಾಗಿದ್ದವನಿಗೆ ಹಿಗ್ಗು. ಚಿನ್ನವಷ್ಟೇ ಬೇಕಾಗಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ಕಾರಣವಿದೆ, ಯಾರೂ ಭ್ರಮೆಯಲ್ಲಿಲ್ಲ. ಬೇರೆ ವಾದಗಳಲ್ಲಿ ಅಳುವವನಿಗೆ ಬುದ್ಧಿ ಹೇಳಿ ಸುಮ್ಮನಾಗಿಸುತ್ತಾರೆ. ಇಲ್ಲಿ ಅವನ ಅಳುವನ್ನೇ ಪ್ರಮಾಣವಾಗಿ ತೆಗೆದುಕೊಂಡಿದ್ದಾರೆ.

ಸಮಂತಭದ್ರನ ಕೊಡ ಕಿರೀಟವಾದದ್ದು ಮೊನ್ನೆಮೊನ್ನೆ ನಿಜವಾಗಿಯೂ ನಡೆಯಿತು. ಟೋಕಿಯೋ ಒಲಿಂಪಿಕ್ಸಿನ ಸುಮಾರು 5,000 ಪದಕಗಳಿಗೆ ಜಪಾನಿನ ಜನ ತಮ್ಮ ಹಳೆ ಎಲೆಕ್ಟ್ರಾನಿಕ್ ಸಾಮಾನು ಕೊಟ್ಟರು. ಅದರಲ್ಲಿ ಮೊಬೈಲುಗಳೇ 62 ಲಕ್ಷದಷ್ಟು. ಒಟ್ಟು ರಾಶಿಯಿಂದ ಹೊರಟದ್ದು 32 ಕಿಲೋ ಚಿನ್ನ. ಮೊಬೈಲಿನ ಬೋರ್ಡಿನಲ್ಲಿ ತುಕ್ಕು ಹಿಡಿಯಬಾರದ ಜಾಗಗಳಿಗೆ ಚಿನ್ನದ ಲೇಪ ಇರುತ್ತದೆ, ಅದು. 2021ರ ಆಗಸ್ಟ್ 7ರಂದು ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಪದಕದಲ್ಲಿ ಯಾರ್ಯಾರದೋ ‘ಊಟ ಆಯ್ತಾ’ಗಳನ್ನು ದಾಟಿಸಿದ ಚಿನ್ನವಿತ್ತು.

ನಮ್ಮಲ್ಲೂ ದಾರಿಯಿಲ್ಲದೆ ಇಲ್ಲ. ಬೆಂಗಳೂರಿನ ಹತ್ತಿರ ಡಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಇ-ತ್ಯಾಜ್ಯ ಘಟಕ 2005ರಿಂದಲೇ ಇದೆ. ಇಲ್ಲದಿರುವುದು ವಿಧಿ. ಮುಕ್ಕಾದ ವಿಗ್ರಹಕ್ಕೆ ನೀರಿದೆ, ಹಳೆ ದೇವರ ಪಟಕ್ಕೆ ಅರಳಿಕಟ್ಟೆ ಇದೆ. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡ ಮೊಬೈಲಿಗೆ ವಿಸರ್ಜನೆ ಯಾವುದು? ಜಪಾನಿನ ಚಿಬಾ ಪ್ರಾಂತದ ಬೌದ್ಧ ದೇಗುಲವೊಂದರಲ್ಲಿ ಕೆಟ್ಟುಹೋದ ಐಬೋ ರೋಬೋ ನಾಯಿಗಳಿಗೆ ಧೂಪ ಹಾಕಿ, ಮಂತ್ರ ಹೇಳಿ ಬೀಳ್ಕೊಟ್ಟದ್ದುಂಟು. ನಗುವವರು ನಗಲಿ. ವಿಧಿಯಿಲ್ಲದ ಕಡೆ ವಸ್ತು ಡಬ್ಬಿ ಸೇರುತ್ತದೆ. ಉಮಾಸ್ವಾತಿ ಪರಿಗ್ರಹವನ್ನು ವಸ್ತುಗಳ ಲೆಕ್ಕದಲ್ಲಿ ಅಳೆಯದೆ ‘ಮೂರ್ಛೆ’, ಎಂದರೆ ವಸ್ತುವಿನ ಮೇಲಿನ ಮೋಹ, ಎಂದು ಕರೆದದ್ದು ಈ ಡಬ್ಬಿಯನ್ನು ಕಂಡೇ ಇರಬೇಕು.

ಅಂತೂ ಒಪ್ಪಂದವಾಯಿತು. ಉಬ್ಬಿದ ಬ್ಯಾಟರಿಯ ಸೆಟ್ಟು ಮೊದಲು ಹೋಗಲಿ, ಅದು ಮನೆಯಲ್ಲಿ ಇರುವುದು ಅಪಾಯ ಎಂದಳು ಸೊಸೆ. ಅದರ ಜತೆಗೆ ಮತ್ತೆ ಮೂರು. ಬೆಂಗಳೂರಿಗೆ ಹೊರಟ ಮಗನ ಬ್ಯಾಗಿನಲ್ಲಿ ಅವು ಹೋದವು. ಮೊಮ್ಮಗನಿಗೆ ಹಿಗ್ಗು, ಇನ್ನು ಅಜ್ಜನ ಹಳೆ ಟಚ್ ಸೆಟ್ಟು ತನ್ನ ಪಾಲಿಗೆ ಬರುವ ಭಯವಿಲ್ಲ. ಮಗನಿಗೆ ಎರಡೂ ಇಲ್ಲ. 1100 ಮಾತ್ರ ರಬ್ಬರ್ ಬ್ಯಾಂಡ್ ಸಮೇತ ಮೇಷ್ಟ್ರ ಮೇಜಿನ ಖಾನೆ ಸೇರಿತು.

ಹಬ್ಬ ಕಳೆದು ವಾರಕ್ಕೆ ಹಳೆ ನಂಬರಿನಿಂದ ಫೋನು. ‘ಮಾಸ್ತರ, ಇನ್ನೊಂದು ಲಗ್ನ ಐತ್ರಿ, ಶಿಕಾರಿಪುರದಾಗ. ನಿಮ್ಮ ಹುಡುಗಿ, ಬ್ಯಾಂಕಿನ್ಯಾಗ ಅದಾಳಂತ. ಈ ಸಲ ತಪ್ಪಿಸಬ್ಯಾಡ್ರಿ. ನಾನೂ ಬರ್ತೀನಿ, ನನಗೂ ಕರದಾಳ.’

ಮೇಷ್ಟ್ರು ಮುಹೂರ್ತ ಎಷ್ಟು ಗಂಟೆಗೆ ಎಂದು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.